ಗೋಂದು ಹಚ್ಚಿದ ಆಜ್ಞೆ

ಅಲ್ಲಲ್ಲಿಂದ ಬಂದ ಮಾತುಗಳನ್ನು ಜೋಡಿಸಿ, ಆ ಜೋಡಣೆಯನ್ನೇ ಅಪ್ಪಣೆಯೆಂದು ಕಂಪ್ಯೂಟರಿಗೆ ಕೊಟ್ಟುಬಿಡಬಹುದಂತೆ. ಅದು ಹಿಂದೆಮುಂದೆ ನೋಡದೆ ನಡೆಸಿಬಿಡುತ್ತದಂತೆ. ಮೊಮ್ಮಗಳು ನಗುನಗುತ್ತಾ ಇದನ್ನು ಹೇಳಿದಳು. ಆ ಕೆಲಸವನ್ನು ನಾನು ಅರವತ್ತರ ದಶಕದಲ್ಲೇ ಒಂದು ಗೋಂದಿನ ಬಾಟಲಿ ಇಟ್ಟುಕೊಂಡು ಮಾಡಿದ್ದೆ.

ಹೊಳೆನರಸೀಪುರದ ಹತ್ತಿರ ಒಂದು ಕಾಲುವೆ ಕಚೇರಿಯಲ್ಲಿ ನಾನು ಗುಮಾಸ್ತ. ನಮ್ಮ ಕೂಲಿ ಮನೆತನದಲ್ಲಿ ಮೊದಲ ಸರ್ಕಾರಿ ನೌಕರ, ಜಂಬಕ್ಕೇನೂ ಕಡಿಮೆಯಿರಲಿಲ್ಲ. ರೈತರು ನೀರು ಕೇಳಿ ಎರಡು ಪ್ರತಿ ಅರ್ಜಿ ಕೊಡುತ್ತಿದ್ದರು. ನಾನು ಅದನ್ನು ಓದಿ, ಆಜ್ಞೆ ಬರೆದು, ತೂಬು ಎತ್ತಿ ಇಳಿಸುವ ನೀರಗಂಟಿಗೆ ಕಳಿಸಬೇಕು. ಬರೆದೂ ಬರೆದೂ ಬೇಸತ್ತು ಒಂದು ಉಪಾಯ ಹೂಡಿದೆ. "ಈ ಕೆಳಗಿನಂತೆ ನಡೆಸತಕ್ಕದ್ದು" ಎಂದು ಬರೆದು ಮೊದಲೇ ಮೊಹರು ಒತ್ತಿಟ್ಟ ಹಾಳೆ. ಅದರಡಿ, ಕೋರಿಕೆ ಇರುವ ಅರ್ಜಿಯ ಕೊನೆಯ ಸಾಲನ್ನು ಕತ್ತರಿಸಿ ಅಂಟಿಸಿದರೆ ಮುಗಿಯಿತು. ಓದುವ ಗೋಜೇ ಇಲ್ಲ. ಎಂಥ ಬುದ್ಧಿವಂತ ನಾನು! ಈ ಗುಟ್ಟು ಊರಿಗೆಲ್ಲ ತಿಳಿದುಹೋಗಿದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ಆ ವಾರ ಹೂಳೆತ್ತಲು ಕಾಲುವೆಯ ನೀರು ನಿಲ್ಲಿಸಿದ್ದರು. ಕೂಲಿಗೆ ಇಳಿದ ಹೆಂಗಸರಲ್ಲಿ ನಮ್ಮವ್ವನೂ ಇದ್ದಳು. ಮಗ ಕುರ್ಚಿಯಲ್ಲಿ ಕೂತರೂ ಅವಳು ಮಣ್ಣು ಹೊರುವ ಮಂಕರಿ ಬಿಟ್ಟಿರಲಿಲ್ಲ. ಬೆಳಿಗ್ಗೆ ಆಜ್ಞೆಗಳನ್ನು ಜವಾನನ ಕೈಲಿ ಕಳಿಸಿದೆ. ಮಧ್ಯಾಹ್ನ ಅರ್ಜಿಗಳ ಎರಡನೇ ಪ್ರತಿಯನ್ನು ಫೈಲಿಗೆ ಸೇರಿಸುವಾಗ, ಭತ್ತದ ಸಸಿ ಒಣಗುತ್ತಿದ್ದ ರೈತನೊಬ್ಬ ಬರೆದ ಕೊನೆಯ ಸಾಲು ಕಣ್ಣಿಗೆ ಬಿತ್ತು: "ಹೂಳಿನ ಕೆಲಸ ನಿಂತಿದೆ, ತೂಬು ಪೂರಾ ಎತ್ತುವುದು."

ಅಯ್ಯೋ ಶಿವನೇ! ಆ ಸುಳ್ಳು ನನ್ನ ಮೊಹರಿನ ಕೆಳಗೆ ಹೋಗಿಬಿಟ್ಟಿದೆ, ಅವ್ವ ಕಾಲುವೆಯೊಳಗಿದ್ದಾಳೆ. ಅವರು ಕೆಲಸ ಮಾಡುತ್ತಿದ್ದ ಕಡೆ ದಡ ಎರಡಾಳೆತ್ತರ, ಹತ್ತಲು ಒಂದೇ ಏಣಿ.

ಸೈಕಲ್ಲನ್ನು ಹೇಗೆ ತುಳಿದೆನೋ ಕಾಣೆ. ತೂಬಿನ ಹತ್ತಿರ ಹೋಗುವಾಗಲೇ ನೀರಿನ ಸದ್ದು ಕೇಳಿಸಿತು.

ನೀರಗಂಟಿ ಎದ್ದು ನಿಂತು ಕೈಮುಗಿದ. "ಪೂರಾ ಎತ್ತೀವ್ನಿ ಸಾ. ಮೊಹರು ಬಿದ್ಮೇಲೆ ತಡ ಮಾಡಾಕಾಯ್ತದಾ?"

"ಇಳ್ಸಲೇ! ಇಳ್ಸು! ಅವ್ವ ಒಳಗವ್ಳೆ ಕಣ್ಲಾ!" ಎಂದು ಕಿರುಚಿಕೊಂಡು ದಡದ ಮೇಲೆ ಓಡಿದೆ. ಪಕ್ಕದಲ್ಲಿ ಕೆಂಪು ನೀರು ನನಗಿಂತ ಮುಂದೆ ಓಡುತ್ತಿತ್ತು. ಒಂದು ಮಂಕರಿ ತೇಲಿಹೋಯಿತು. ಯಾರದೋ ಸೆರಗಿನ ಬಟ್ಟೆ ಕಲ್ಲಿಗೆ ಸಿಕ್ಕಿಕೊಂಡಿತ್ತು. ಅದರ ಬಣ್ಣ ನೋಡಲು ನನಗೆ ಧೈರ್ಯ ಬರಲಿಲ್ಲ.

ಹೆಂಗಸರೆಲ್ಲ ದಡದ ಮೇಲಿದ್ದರು. ಅವ್ವ ಕೊನೆಗೆ ಹತ್ತಿದವಳಂತೆ. ಎದೆಮಟ್ಟ ನೀರು ಬಂದಾಗ ಯಾರೋ ಜುಟ್ಟು ಹಿಡಿದು ಎಳೆದುಕೊಂಡರಂತೆ. ಮೈಯೆಲ್ಲ ಕೆಸರಾಗಿ ಕೂತು ಕೆಮ್ಮುತ್ತಿದ್ದಳು. ನಾನು ಹೋಗಿ ಕಾಲು ಹಿಡಿದುಕೊಂಡೆ.

"ಯಾವ್ ಹಾಳಾದೋನ್ಲಾ ನೀರು ಬುಡು ಅಂತ ಕಾಗ್ದ ಕಳ್ಸಿದ್ದು?" ಎಂದಳು. "ಅವನ ಕೈ ಸೇದೋಗಿ ಬಿದ್ದೋಗ!"

ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ.

"ನಾನೇ ಕಣವ್ವಾ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನನ್ನ ಬಲಗೈಯನ್ನು ಗಬಕ್ಕನೆ ಎಳೆದು ಎರಡೂ ಕೈಯಲ್ಲಿ ಅವುಚಿಕೊಂಡಳು. ಅಷ್ಟು ಹೊತ್ತು ನಡುಗದಿದ್ದವಳು ಈಗ ಗಡಗಡ ನಡುಗತೊಡಗಿದಳು.

"ಥೂ ಥೂ, ನಾನಂದಿದ್ದು ಬುಡ್ತು, ನೀನೂ ಬುಡ್ತು ಅನ್ನು ಮಗಾ. ಬುಡ್ತು ಅನ್ಲಾ, ಬಿರ್‍ರನೆ ಅನ್ನು!"