ಗೋಲ್‌ಕೀಪರನ ಹೆಂಡತಿಯ ಕಾಲ್ಗುಣ

ಮದುವೆಯಾದ ಮೇಲೆ ನಾನು ನೋಡಿದ ಮೊದಲ ಮ್ಯಾಚಿನಲ್ಲಿ ಚೆಂಡು ನಮ್ಮ ಮನೆಯವರ ಎರಡು ಕಾಲಿನ ನಡುವೆ ನುಸುಳಿ ಗೋಲಿನೊಳಗೆ ಹೋಯಿತು. ಅಂಥ ಜೋರಿನ ಚೆಂಡೇನೂ ಅಲ್ಲ, ತೆವಳಿಕೊಂಡು ಬಂದಿತ್ತು. ಗೋಲಿನ ಹಿಂದೆ ಹೈಸ್ಕೂಲಿನ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದ ನಮ್ಮ ಕಡೆಯ ಜನ ಒಮ್ಮೆಗೇ ಸುಮ್ಮನಾದರು. ಹಲಗೆ ಬಾರಿಸುವವನ ಕೈಯೂ ನಿಂತಿತು. ಆಮೇಲೆ ಒಬ್ಬ ತಿರುಗಿ ನೋಡಿದ. ಸಿಟ್ಟಿದ್ದರೆ ಗೋಲ್‌ಕೀಪರನನ್ನು ನೋಡಬೇಕಿತ್ತು. ಅವನು ನೋಡಿದ್ದು ಶಾಲೆಯ ಕಟ್ಟೆಯ ಮೇಲೆ ಅತ್ತೆಯ ಪಕ್ಕ ಹೊಸ ಸೀರೆಯಲ್ಲಿ ಕೂತಿದ್ದ ನನ್ನನ್ನು. ಅವನ ಪಕ್ಕದವನೂ ತಿರುಗಿದ, ಅವನ ಪಕ್ಕದವನೂ. ನಾನು ಪೆದ್ದಿ, ಹೊಸ ಸೊಸೆಯನ್ನು ನೋಡುತ್ತಿದ್ದಾರೆ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನನ್ನ ತವರು ಹಿರೇಹಡಗಲಿ. ಅಲ್ಲಿ ಗಂಡಸರು ಕಬಡ್ಡಿ ಆಡುತ್ತಿದ್ದರು, ಸಂಜೆ ವಾಲಿಬಾಲ್ ಆಡುತ್ತಿದ್ದರು, ಸೋತರೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಿದ್ದರು. ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ ನೋಡಿದ್ದು ಬೇರೆಯದೇ ಹುಚ್ಚು. ಯಾವುದೋ ಕಾಲದ ಡ್ರಿಲ್ ಮಾಸ್ತರೊಬ್ಬರು ಹಚ್ಚಿಹೋದ ಫುಟ್‌ಬಾಲ್ ಹುಚ್ಚು ಅದು. ಭಾನುವಾರ ಮ್ಯಾಚಿದ್ದರೆ ಪೇಟೆಯ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತಿದ್ದವು. ಕ್ಲಬ್ಬಿನ ಬಣ್ಣ ಹಳದಿ. ಮೈಲಾರದ ಗುಡಿಯಿಂದ ತಂದ ಭಂಡಾರದ ಅರಿಶಿನವನ್ನು ಗೋಲಿನ ಎರಡೂ ಕಂಬಗಳಿಗೆ ಹಚ್ಚಿ, ಉಳಿದದ್ದನ್ನು ಹಣೆಗೆ ಬಳಿದುಕೊಳ್ಳುತ್ತಿದ್ದರು. ಹುಡುಗರು ಮೈದಾನಕ್ಕೆ ಇಳಿದಾಗ ಒಬ್ಬ ‘ಏಳುಕೋಟಿಗೋ’ ಎಂದು ಕೂಗಿದರೆ ಕಾಂಪೌಂಡಿನ ಮೇಲಿದ್ದವರೆಲ್ಲ ‘ಚಾಂಗಮಲೋ’ ಎನ್ನುತ್ತಿದ್ದರು. ಮೈಲಾರದ ದೇವರ ಮುಂದೆ ಕೂಗುವ ಕೂಗು ಚೆಂಡಿನ ಮುಂದೆ ಕೇಳಿ ಮೊದಲ ಸಲ ನನ್ನ ಮೈ ಝುಮ್ಮೆಂದಿತ್ತು. ಆ ಕೂಗಿನ ಜೊತೆಗೇ ನಾನೂ ಅವರವಳಾದೆ ಅನ್ನಿಸಿತ್ತು.

ನಮ್ಮದು ಮಂಡಕ್ಕಿ ಭಟ್ಟಿ, ಪೇಟೆಯಲ್ಲಿ ಒಂದು ಅಂಗಡಿ. ಗೆದ್ದ ಸಂಜೆ ಊರಿಗೆ ಊರೇ ನಮ್ಮ ಅಂಗಡಿಯ ಮುಂದೆ ಮಂಡಕ್ಕಿ, ಮಿರ್ಚಿ ತಿನ್ನುತ್ತ ಮ್ಯಾಚನ್ನು ಇನ್ನೊಂದು ಸಲ ಬಾಯಲ್ಲೇ ಆಡುತ್ತಿತ್ತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಬಂದ ಮೇಲೆ ಬಹಳ ದಿನ ಅಂಥ ಸಂಜೆ ಬರಲಿಲ್ಲ. ಎರಡನೇ ಮ್ಯಾಚೂ ಹೋಯಿತು, ಮೂರನೆಯದೂ ಹೋಯಿತು. ಸೋತ ದಿನ ಜನ ನಮ್ಮ ಅಂಗಡಿ ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದರು. ಒಂದು ಬೆಳಿಗ್ಗೆ ಹೊಸ್ತಿಲು ತೊಳೆಯಲು ಹೋದರೆ ಅರ್ಧ ಕೊಯ್ದು ಕುಂಕುಮ ತುಂಬಿದ ನಿಂಬೆಹಣ್ಣು ಬಿದ್ದಿತ್ತು. ಅತ್ತೆ ಅದನ್ನು ಕೋಲಿನಿಂದ ಚರಂಡಿಗೆ ನೂಕಿದರು. ಯಾರು ಇಟ್ಟರು ಎಂದು ಕೇಳಿದೆ. ಅವರು ಕೋಲನ್ನೂ ಚರಂಡಿಗೆ ಎಸೆದು ಒಳಗೆ ಹೋದರು.

ಉತ್ತರ ಸಿಕ್ಕಿದ್ದು ನಲ್ಲಿಯ ಹತ್ತಿರ. ನಾನು ಕೊಡ ಹಿಡಿದು ಬರುವುದು ಕಾಣದೆ ಒಬ್ಬಾಕೆ ಹೇಳುತ್ತಿದ್ದಳು.

“ಅಕಿ ಕಾಲ್ಗುಣಾನ ಸರಿ ಇಲ್ಲಬೇ. ಹೊಸ್ತಿಲು ತುಳಿದ ವಾರದಾಗ ಟೀಮ್ ಮಕಾಡೆ ಬಿತ್ತು.”

ಸೊಸೆ ಬಂದ ಮೇಲೆ ಎಮ್ಮೆ ಕರು ಹಾಕಿದರೆ ಕಾಲ್ಗುಣ, ಮಾವ ಜ್ವರ ಬಂದು ಮಲಗಿದರೆ ಕಾಲ್ಗುಣ. ಇದು ಎಲ್ಲ ಊರಿನಲ್ಲೂ ಇದ್ದದ್ದೇ. ಆದರೆ ಹನ್ನೊಂದು ಜನ ಗಂಡಸರು ಚಡ್ಡಿ ಹಾಕಿಕೊಂಡು ಆಡುವ ಆಟದ ಸೋಲು ಗೆಲುವು ನನ್ನ ಕಾಲಿಗೆ ಬಂದು ಸುತ್ತಿಕೊಳ್ಳುತ್ತದೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅಲ್ಲೇ ನಕ್ಕುಬಿಟ್ಟೆ. ಯಾರೂ ನಗಲಿಲ್ಲ. ನನ್ನ ಪಾಳಿ ಬಂದಾಗ ಎಲ್ಲರೂ ಕೊಡ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಆಗ ನನಗೆ ಹೆದರಿಕೆಯಾಯಿತು.

ಸೋಲಿಗೆ ಕಾರಣ ಕಣ್ಣಿದ್ದವರಿಗೆ ಕಾಣುವಂತಿತ್ತು. ಗೋಲಿನ ಮುಂದೆ ಎದುರಿನವರನ್ನು ತಡೆಯುವ ಬ್ಯಾಕ್ ಆಡುತ್ತಿದ್ದ ಲೈನ್‌ಮನ್ ಒಬ್ಬನಿದ್ದ, ಕರೆಂಟ್ ಕಂಬ ಹತ್ತಿ ಹತ್ತಿ ಕಾಲು ಕಬ್ಬಿಣವಾಗಿದ್ದವನು. ನಮ್ಮ ಮದುವೆಯ ತಿಂಗಳಲ್ಲೇ ಅವನಿಗೆ ಸಿರುಗುಪ್ಪದ ಕಡೆ ವರ್ಗವಾಯಿತು. ಅವನು ಹೋದ ಮೇಲೆ ಎದುರಿನವರು ಹೊಲದ ಬದುವಿನ ಮೇಲೆ ನಡೆದಂತೆ ಆರಾಮಾಗಿ ನಮ್ಮ ಗೋಲಿನ ತನಕ ಬರುತ್ತಿದ್ದರು. ಊಟಕ್ಕೆ ಬಡಿಸುತ್ತ ಮನೆಯವರಿಗೆ ಇದನ್ನೇ ಹೇಳಿದೆ.

“ಆಟದ ವಿಚಾರ ನಿನಗೇನ ಗೊತ್ತೈತಿ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ತಟ್ಟೆಯಿಂದ ತಲೆ ಎತ್ತಲೇ ಇಲ್ಲ.

ಮುಂದಿನ ವಾರ ಬಟ್ಟೆ ಅಂಗಡಿಯ ಸಾಹುಕಾರರು ಮನೆಗೆ ಬಂದರು. ಕ್ಲಬ್ಬಿಗೆ ಹಳದಿ ಅಂಗಿ ಹೊಲಿಸಿಕೊಡುವವರು ಅವರೇ, ಕಾಂಪೌಂಡಿನ ಮೇಲೆ ನಡುವಿನ ಜಾಗ ಅವರದೇ. ಹಣೆಯ ತುಂಬ ವಿಭೂತಿ, ಬೆಣ್ಣೆಯಂಥ ಮಾತು. ಜೊತೆಗೆ ಬಂದಿದ್ದ ಇಬ್ಬರು ಚಪ್ಪಲಿ ಬಿಡದೆ ಕಟ್ಟೆಯ ಮೇಲೆ ನಿಂತಿದ್ದರು. ಚಹಾ ಕುಡಿದು ಕಪ್ಪು-ಬಸಿಯನ್ನು ತಾವೇ ಪಕ್ಕಕ್ಕೆ ಸರಿಸಿ ನನ್ನನ್ನು ಕರೆದರು.

“ತಂಗಿ, ತಪ್ಪು ತಿಳ್ಕೋಬ್ಯಾಡ. ನಾನೇನು ಇಂಥಾವೆಲ್ಲ ನಂಬೋನಲ್ಲ. ಆದ್ರ ಹುಡುಗ್ರು ಅದಾರಲ್ಲ, ಅವರ ಮನಸ್ಸು ಕೆಟ್ಟೈತಿ. ಮ್ಯಾಚ್ ಇದ್ದಾಗ ಎರಡು ದಿನ ತವರಿಗೆ ಹೋಗಿ ಬಾ. ತಾಯಿನ್ನ ನೋಡಿದಂಗೂ ಆಗ್ತೈತಿ.”

“ಹೋಗದಿದ್ರ ಏನಾಗ್ತೈತ್ರಿ?” ಎಂದು ಕೇಳಿದೆ.

ಸಾಹುಕಾರರು ಮುಗುಳ್ನಕ್ಕರು. “ಏನೂ ಆಗಂಗಿಲ್ಲವ್ವ. ಆದ್ರ ಸಿಟ್ಟಿನಾಗಿರೋ ಹುಡುಗ್ರನ್ನ ನಾನು ಒಬ್ಬನ ಎಷ್ಟಂತ ಹಿಡಿಲಿ?”

ಅತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದರು. ನಾನು ಮನೆಯವರ ಮುಖ ನೋಡಿದೆ. ಒಂದು ಮಾತೂ ಬೇಡ, ಬರೀ ಒಂದು ‘ಊಹೂಂ’ ಅಂದಿದ್ದರೂ ಸಾಕಿತ್ತು. ಅವರು ಗ್ಲೌಸಿನ ಹೊಲಿಗೆ ಬಿಟ್ಟ ಜಾಗವನ್ನು ಬೆರಳಿನಿಂದ ತಡಕುತ್ತ ಕೂತಿದ್ದರು. ಆ ಕ್ಷಣ ಅವರ ಮೇಲೆ ನನಗೆ ಹುಟ್ಟಿದ್ದು ದ್ವೇಷವೇ. ಬೇರೆ ಹೆಸರಿಟ್ಟು ಚಂದ ಮಾಡುವುದಿಲ್ಲ. ಶನಿವಾರ ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದೆ.

ಆ ಭಾನುವಾರ ನಮ್ಮವರು ಗೆದ್ದರು.

ಅದೇ ವಾರ ಹೈಸ್ಕೂಲಿಗೆ ಬಂದ ಹೊಸ ಡ್ರಿಲ್ ಮಾಸ್ತರರು ಬ್ಯಾಕಿನಲ್ಲಿ ಆಡಿದರಂತೆ, ಎದುರಿನವರಿಗೆ ಜಾಗವನ್ನೇ ಕೊಡಲಿಲ್ಲವಂತೆ. ಈ ಸುದ್ದಿಯನ್ನು ನನಗೆ ಹೇಳಿದ್ದು ತಿರುಗಿ ಬರುವಾಗ ಬಸ್ಸಿನ ಕಂಡಕ್ಟರು. ಊರಿನಲ್ಲಿ ಮಾತ್ರ ಮಾಸ್ತರರ ಹೆಸರು ಯಾರ ಬಾಯಲ್ಲೂ ಇರಲಿಲ್ಲ. ಮತ್ತೊಂದು ಮ್ಯಾಚಿಗೆ ಮತ್ತೆ ತವರಿಗೆ ಹೋದೆ, ಮತ್ತೆ ಗೆದ್ದರು. ತಿರುಗಿ ಬಂದ ದಿನ ಬಸ್ ಸ್ಟ್ಯಾಂಡಿನಿಂದ ಮನೆಯ ತನಕ ನಡೆಯುವಾಗ ಅಂಗಡಿಗಳ ಮುಂದಿನ ಮಾತು ಒಂದೊಂದಾಗಿ ನಿಲ್ಲುತ್ತಿದ್ದುದು ಕೇಳಿಸಿತು. ಹಿಂದೆ ಯಾರೋ ನೆಲಕ್ಕೆ ಉಗುಳಿದರು. ಮನೆ ತಲುಪಿದಾಗ ಅತ್ತೆ ಬಾಗಿಲು ತೆರೆಯಲು ತಡಮಾಡಿದರು.

ಆ ವರ್ಷದ ಟೂರ್ನಮೆಂಟ್ ಕಪ್ಪಿನ ಕೊನೆಯ ಮ್ಯಾಚುಗಳು ಬರುತ್ತಿದ್ದವು. ಈ ಸಲ ಎರಡು ದಿನದ ಮಾತಲ್ಲ, ‘ಫೈನಲ್ ಮುಗಿಯೋತನ ಅಕಿ ಅಲ್ಲೇ ಇರ್ಲಿ’ ಎಂದು ಸಾಹುಕಾರರು ಹೇಳಿ ಕಳಿಸಿದ್ದರು. ನಾನು ಹಿರೇಹಡಗಲಿಗೆ ಹೋಗಿ ಕೂತೆ. ಮೊದಮೊದಲು ಮಗಳು ಬಂದಳೆಂದು ಹಿಗ್ಗಿದ್ದ ಅವ್ವ ಈಗ ಓಣಿಯವರು ಕೇಳಿದರೆ ಸುಳ್ಳು ಹೇಳತೊಡಗಿದಳು. ಒಂದು ಮಧ್ಯಾಹ್ನ ನನ್ನ ಮೈದುನ ಟೆಂಪೋದಲ್ಲಿ ಬಂದ. ನನ್ನ ಮದುವೆಯ ಟ್ರಂಕನ್ನು ಇಳಿಸಿ ಕಟ್ಟೆಯ ಮೇಲಿಟ್ಟ.

“ಇದನ್ನ ಯಾಕ ತಂದೀಯಪಾ?” ಎಂದಳು ಅವ್ವ.

“ಅತ್ತಿಗಿಗೆ ಉಟ್ಕೊಳ್ಳಾಕ ಬೇಕಾಗ್ತೈತಲ್ರಿ,” ಎಂದು ಅವನು ನೀರೂ ಕುಡಿಯದೆ ಹೊರಟ.

ಟ್ರಂಕು ತೆರೆದರೆ ನನ್ನ ಎಲ್ಲ ಸೀರೆಗಳೂ ಇದ್ದವು. ಬಾಚಣಿಗೆ ಇತ್ತು. ತವರಿನಿಂದ ಕೊಟ್ಟಿದ್ದ ಹಿತ್ತಾಳೆಯ ದೀಪ ಇತ್ತು. ಆ ಮನೆಯಲ್ಲಿ ನನ್ನದೆಂದು ಏನೂ ಉಳಿಯದಂತೆ ಯಾರೋ ಸಾವಕಾಶವಾಗಿ ಕೂತು ಮಡಚಿ ತುಂಬಿದ್ದರು. ಅಪ್ಪ ದೀಪವನ್ನು ಎತ್ತಿ ಅಂಗಿಯ ತುದಿಯಿಂದ ಅದರ ಧೂಳು ಒರೆಸಿದರು.

“ಫೈನಲ್ ಸೋತ್ರ ನಿನ್ನಿಂದ ಸೋತ್ವಿ ಅಂತಾರ. ಗೆದ್ರ ನೀನಿಲ್ಲದ್ದಕ್ಕ ಗೆದ್ವಿ ಅಂತಾರ. ಇನ್ನ ಅವರು ನಿನ್ನ ಕರ್ಯಂಗಿಲ್ಲ ಮಗಳ.”

ಅಪ್ಪ ಹೇಳಿದ್ದು ನಿಜವಾಗಿತ್ತು. ಅಳು ಬರಲಿಲ್ಲ, ಹಟ ಬಂತು. ನನ್ನ ಬಾಳು ಒಂದು ಆಟದ ಮೇಲೆ ನಿಂತಿದೆ ಎಂದಾದರೆ ಆ ಆಟವನ್ನು ನಾನು ಕಣ್ಣಾರೆ ನೋಡಲೇಬೇಕು ಎಂದುಕೊಂಡೆ.

ಫೈನಲ್ ಹರಪನಹಳ್ಳಿಯಲ್ಲಿತ್ತು. ಅವ್ವನಿಗೆ, ತಾಲ್ಲೂಕಿನ ಊರಾದ ಹಡಗಲಿಯಲ್ಲಿರುವ ಗೆಳತಿಯ ಮನೆಗೆ ಎಂದು ಹೇಳಿ ಹೊರಟೆ. ಹಡಗಲಿ ದಾಟಿದ ಮೇಲೆ ಬಸ್ಸು ಪಂಕ್ಚರ್ ಆಗಿ ನಿಂತಿತು. ಮೈದಾನ ತಲುಪಿದಾಗ ಆಟ ಅರ್ಧ ಮುಗಿದಿತ್ತು. ದೂರದಿಂದಲೇ ಗೊತ್ತಾಯಿತು, ನಮ್ಮವರ ಹಲಗೆಯ ಸದ್ದಿಲ್ಲ. ಕಬ್ಬಿನ ಹಾಲಿನ ಗಾಡಿಯವನನ್ನು ಕೇಳಿದೆ.

“ಕೊಟ್ಟೂರಿನೋರು ಒಂದು ಗೋಲು ತಿಂದಾರಮ್ಮ, ಆಗಲೇ ಬಹಳ ಹೊತ್ತಾತು.”

ತಲೆಯ ಮೇಲೆ ಸೆರಗು ಎಳೆದುಕೊಂಡು ಗಾಡಿಯ ಹಿಂದೆ ನಿಂತೆ. ಅಲ್ಲಿಂದ ನಮ್ಮೂರಿನ ಹಳದಿ ಗುಂಪು ಕಾಣುತ್ತಿತ್ತು. ಮದುವೆಯ ಊಟದಲ್ಲಿ ನನ್ನ ಕೈಯಿಂದ ಹೋಳಿಗೆ ಬಡಿಸಿಕೊಂಡ ಮುಖಗಳೇ. ಆದರೆ ಅವತ್ತು ಒಬ್ಬರ ಮುಖದಲ್ಲೂ ಗುರುತಿನ ಕಳೆ ಇರಲಿಲ್ಲ. ದವಡೆ ಬಿಗಿದಿದ್ದವು. ಕೆಲವರ ಕೈಯಲ್ಲಿ ಬಾವುಟ ಹರಿದು ಬರೀ ಕೋಲು ಉಳಿದಿತ್ತು. ಇವರು ಸೋತು ಹೊರಬರುವಾಗ ನನ್ನನ್ನು ಇಲ್ಲಿ ಕಂಡರೆ ಎಂಬ ಯೋಚನೆ ಬಂದು ಸೆರಗನ್ನು ಇನ್ನೂ ಮುಂದಕ್ಕೆ ಎಳೆದುಕೊಂಡೆ. ಎದುರಿನವರು ಚೆಂಡು ತಂದಾಗೆಲ್ಲ ನಾನು ನನಗೇ ಗೊತ್ತಿಲ್ಲದಂತೆ ಒಂದೊಂದು ಹೆಜ್ಜೆ ಹಿಂದಕ್ಕೆ ಇಡುತ್ತಿದ್ದೆ. ಗಾಡಿಯ ಚಕ್ರ ದಾಟಿ ಕಬ್ಬಿನ ಸಿಪ್ಪೆಯ ರಾಶಿಗೆ ಕಾಲು ತಗುಲಿದಾಗ ಎಚ್ಚರವಾಯಿತು. ಥೂ, ನೀನೂ ನಂಬಿಬಿಟ್ಟೆಯಾ ಎಂದು ನನ್ನನ್ನೇ ಬೈದುಕೊಂಡೆ. ಬೇಕೆಂದೇ ಮುಂದೆ ಬಂದೆ, ಗಾಡಿಯನ್ನೂ ದಾಟಿ ಬಂದು ನಿಂತೆ.

ನಮ್ಮವರು ಒಂದು ಗೋಲು ಹೊಡೆದರು. ಇನ್ನೇನು ಸೀಟಿ ಊದಬೇಕು ಎನ್ನುವಾಗ ಇನ್ನೊಂದು ಹೊಡೆದರು. ಕೊನೆಗೆ ಎದುರಿನವನೊಬ್ಬ ಎಲ್ಲರನ್ನೂ ತಪ್ಪಿಸಿಕೊಂಡು ಒಬ್ಬನೇ ನುಗ್ಗಿ ಬಂದ. ಅವನಿಗೂ ಗೋಲಿಗೂ ನಡುವೆ ಇದ್ದದ್ದು ನಮ್ಮ ಮನೆಯವರೊಬ್ಬರೇ. ಮೈಚೆಲ್ಲಿ ಹಾರಿ ಮುಷ್ಟಿಯಿಂದ ಚೆಂಡನ್ನು ಆಚೆ ಗುದ್ದಿದರು. ಏಳುಕೋಟಿಗೋ ಎಂಬ ಕೂಗು ಎದ್ದಿತು. ಅವರ ಮೇಲಿದ್ದ ಸಿಟ್ಟನ್ನೆಲ್ಲ ಮರೆತು ನಾನೂ ಚಾಂಗಮಲೋ ಎಂದು ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ.

ಜನ ಕಪ್ಪಿನ ಸುತ್ತ ಸೇರಿದಾಗ ನಮ್ಮ ಮನೆಯವರು ಮೈದಾನದ ಮೂಲೆಯ ನೀರಿನ ತೊಟ್ಟಿಯಲ್ಲಿ ಮೊಣಕೈಯ ಗಾಯ ತೊಳೆಯುತ್ತಿದ್ದರು. ಒಬ್ಬರೇ ಇದ್ದರು. ಹೋಗಿ ಎದುರಿಗೆ ನಿಂತು ಸೆರಗು ತೆಗೆದೆ. ನನ್ನ ಎದುರಿಗೇ ಗೆದ್ದಿದ್ದಾರೆ, ಇನ್ನು ಈ ಪೀಡೆ ಮುಗಿಯಿತು, ಓಡಿ ಬಂದು ಕೈ ಹಿಡಿಯುತ್ತಾರೆ ಎಂದು ನಂಬಿದ್ದೆ. ಅವರ ಮುಖ ಕಪ್ಪಿಟ್ಟಿತು. ಮೊದಲು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

“ನೀ ಯಾವಾಗ ಬಂದಿ? ನಾ ಆ ಗೋಲು ಬಿಡೋಕಿಂತ ಮೊದ್ಲ ಬಂದಿದ್ಯೋ, ಆಮ್ಯಾಲೆ ಬಂದ್ಯೋ?”

ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆಮೇಲೆ ಬಂದೆ, ನಾನು ಬಂದ ಮೇಲೇ ನೀವು ಎರಡು ಹೊಡೆದಿರಿ ಎಂದಿದ್ದರೆ ಮುಗಿಯುತ್ತಿತ್ತು. ಅದೇ ಹಳದಿ ಗುಂಪು ಅವತ್ತೇ ನನ್ನ ಹಣೆಗೆ ಭಂಡಾರ ಹಚ್ಚಿ ಮೆರೆಸುತ್ತಿತ್ತು. ಸಾಹುಕಾರರು ತಾವೇ ಬಂದು ತಂಗಿ ಎಂದು ಕರೆದು, ಪ್ರತಿ ಮ್ಯಾಚಿಗೂ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಒಂದು ದಿನ ಸೋಲುವ ತನಕ. ಆ ದಿನ ಅವರೆಲ್ಲರ ತಲೆ ಒಟ್ಟಿಗೆ ನನ್ನ ಕಡೆ ತಿರುಗುವುದು ಆ ತೊಟ್ಟಿಯ ಹತ್ತಿರ ನಿಂತಾಗಲೇ ನನಗೆ ಕಂಡಿತು.

“ನಾಳಿ ಟ್ರಂಕ್ ತಗೊಂಡು ಮನಿಗೆ ಬರ್ತೀನ್ರಿ,” ಎಂದೆ ಕಡ್ಡಿ ಮುರಿದಂತೆ. “ಮ್ಯಾಚ್ ಇದ್ರೂ ಅಲ್ಲೇ ಇರ್ತೀನಿ, ಇಲ್ಲದಿದ್ರೂ ಅಲ್ಲೇ ಇರ್ತೀನಿ. ಬ್ಯಾಡ ಅನ್ನೋದಿದ್ರ ಸಾಹುಕಾರ್ರು ಅನ್ನೋದಲ್ಲ, ನೀವು ಅನ್ರಿ.”

ಅವರು ಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಮರುದಿನ ಅಪ್ಪನೊಂದಿಗೆ ಹೋಗಿ ದೀಪವನ್ನು ನಾನೇ ದೇವರ ಗೂಡಿನಲ್ಲಿಟ್ಟೆ. ಸಾಹುಕಾರರು ಇನ್ನೊಮ್ಮೆ ಬಂದರು, ಚಹಾ ಕುಡಿದರು, ನಾನು ಅದೇ ಮಾತು ಹೇಳಿದೆ. ಮುಂದಿನ ವರ್ಷ ತಂಡ ಗೆದ್ದಿತು, ಸೋತಿತು. ಸೋತ ಸಂಜೆಗಳಲ್ಲಿ ಓಣಿಯಲ್ಲಿ ಕಾಲಿನ ಸದ್ದು ಕೇಳಿದರೆ ನಾನು ಬಾಗಿಲು ತೆರೆದಿಟ್ಟು ಕಟ್ಟೆಯ ಮೇಲೆಯೇ ಕೂತಿರುತ್ತಿದ್ದೆ, ಮೊರದ ಅಕ್ಕಿಯಲ್ಲಿ ಕಲ್ಲು ಆರಿಸುತ್ತ. ಡ್ರಿಲ್ ಮಾಸ್ತರರಿಗೂ ವರ್ಗವಾಯಿತು, ಹುಡುಗರು ಒಬ್ಬೊಬ್ಬರಾಗಿ ಕ್ರಿಕೆಟ್ಟಿಗೆ ಹೋದರು, ಕ್ಲಬ್ಬು ತಾನಾಗಿ ಮುಗಿಯಿತು.

ಮನೆಯವರು ಕೆಟ್ಟವರಲ್ಲ. ಇಷ್ಟು ವರ್ಷ ಒಟ್ಟಿಗೆ ಬಾಳಿದ್ದೇವೆ, ಮಕ್ಕಳಾದರು, ಭಟ್ಟಿಯೂ ನಡೆಯುತ್ತಿದೆ. ಆದರೆ ಅವರ ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಆಗೀಗ ಕೇಳುತ್ತಾರೆ, ನಗುತ್ತಲೇ ಕೇಳುತ್ತಾರೆ. ಟಿವಿಯಲ್ಲಿ ಯಾವುದೋ ದೇಶದವರು ಫುಟ್‌ಬಾಲ್ ಆಡುತ್ತಿರುತ್ತಾರೆ, ಇವರು ಒಂದು ಕಡೆಯ ಪಕ್ಷ ಹಿಡಿದು ಕೂತಿರುತ್ತಾರೆ. ನಾನು ಚಹಾ ಹಿಡಿದು ಪಡಸಾಲೆಗೆ ಬಂದರೆ ಅವರ ಕಣ್ಣು ಒಂದು ಗಳಿಗೆ ಟಿವಿಯನ್ನು ಬಿಟ್ಟು, ಹೊಸ್ತಿಲು ದಾಟುತ್ತಿರುವ ನನ್ನ ಕಾಲಿನ ಮೇಲೆ ಬೀಳುತ್ತದೆ.