ಹಳದಿ ಚುಕ್ಕೆಯ ಕೀ

ಡಾಕ್ಟರ ಮಾತು, ಮಗಳ ಕಣ್ಣೀರು, ನೆಂಟರ ಬುದ್ಧಿವಾದ ಯಾವುದಕ್ಕೂ ಜಗ್ಗದೆ ಮಂಚ ಹಿಡಿದಿದ್ದ ನನ್ನ ಅಕ್ಕನನ್ನು ಎಬ್ಬಿಸಿ ನಡೆಸಿದವನು ನಾನು. ಅದೂ ಒಂದೇ ಬೆರಳಿನಿಂದ. ನಂಬಿಕೆ ಬಾರದವರು ಬಂದು ಬೆರಳನ್ನು ನೋಡಿಕೊಂಡು ಹೋಗಬಹುದು. ನೋಡುವುದಕ್ಕೇನೋ ಸಾಧಾರಣವಾಗಿಯೇ ಇದೆ.

ಬೆರಳಿಗೆ ಬರುವ ಮೊದಲು ಅಕ್ಕನ ಮಗಳ ವಿಷಯ ಹೇಳಬೇಕು. ಅವಳನ್ನು ನಾವು ಮುಕ್ಕಣ್ಣಿ ಎನ್ನುತ್ತೇವೆ. ಮೇಜಿನ ಮೇಲೆ ಮೂರು ಪರದೆ ಸಾಲಾಗಿ ಇಟ್ಟುಕೊಂಡು ಕೂರುವವಳಿಗೆ ಇನ್ಯಾವ ಹೆಸರು ಅಂಟಿಕೊಳ್ಳುತ್ತದೆ? ನಕಾಶೆ ಮಾಡುವ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಎಡಗಡೆಯ ಪರದೆಯಲ್ಲಿ ವಿಮಾನದಿಂದ ತೆಗೆದ ಊರುಗಳ ಚಿತ್ರ, ನಡುವಿನದರಲ್ಲಿ ಅವಳು ಎಳೆಯುವ ಗೆರೆ, ಬಲಗಡೆಯದರಲ್ಲಿ ಬೀದಿಗಳ ಹೆಸರು. ನೀರಿನ ಟ್ಯಾಂಕಿನ ನೆರಳನ್ನು ಮನೆಯೆಂದು ಬರೆಯಬಾರದು, ಮರದಡಿ ಅಡಗಿದ ಮನೆಯನ್ನು ಬಿಡಬಾರದು. ಅವಳು ಎಷ್ಟು ಚಾವಣಿಗಳ ಸುತ್ತ ಗೆರೆ ಎಳೆದಿದ್ದಾಳೆಂದರೆ, ಅವನ್ನೆಲ್ಲ ಗಂಟು ಹಾಕಿ ಹಗ್ಗ ಮಾಡಿದರೆ ಚಂದ್ರನ ಕೊರಳಿಗೆ ಕಟ್ಟಿ ಎಳೆತಂದು ನಮ್ಮ ಹಿತ್ತಲಲ್ಲಿ ನಿಲ್ಲಿಸಬಹುದು. ಹಗ್ಗ ಇನ್ನೂ ಮಿಕ್ಕು ಬಟ್ಟೆ ಒಣಗಿಸಲು ಬರುತ್ತದೆ.

ಅವಳ ಕೀಬೋರ್ಡಿನ ಮೇಲೆ ಉಗುರುಬಣ್ಣದಿಂದ ಇಟ್ಟ ಮೂರು ಚುಕ್ಕೆಗಳಿವೆ. ಕೆಂಪು ಚುಕ್ಕೆಯ ಕೀ ಒತ್ತಿದರೆ ಕೆಲಸದ ಹೊತ್ತು: ಮೂರೂ ಪರದೆಗಳು ಬೇರೆ ಬೇರೆ, ಮಾತು ಬಿಟ್ಟ ಓರಗಿತ್ತಿಯರ ಹಾಗೆ. ಸಂಜೆ ನೀಲಿ ಚುಕ್ಕೆ ಒತ್ತುತ್ತಾಳೆ. ಮೂರೂ ಒಮ್ಮೆಲೇ ಕಪ್ಪಾಗುತ್ತವೆ. ಕೋಣೆ ಉಸಿರು ಹಿಡಿದು ಕೂರುತ್ತದೆ. ಆಮೇಲೆ ಮೂರೂ ಒಂದಾಗಿ, ಈ ಗೋಡೆಯಿಂದ ಆ ಗೋಡೆಗೆ ಆಕಾಶ ಬಿಚ್ಚಿಕೊಳ್ಳುತ್ತದೆ.

ಅವಳು ಆಡುವ ಆಟದಲ್ಲಿ ಗುಂಡು ಹಾರಿಸುವುದಿಲ್ಲ, ಯಾರನ್ನೂ ಸೋಲಿಸುವುದೂ ಇಲ್ಲ. ಎಂಜಿನ್ನೇ ಇಲ್ಲದ ಪುಟ್ಟ ವಿಮಾನವನ್ನು ಗಾಳಿ ಹುಡುಕಿಕೊಂಡು ತೇಲಿಸುವುದಷ್ಟೆ. ಕೆಳಗೆ ಹೊಳೆ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತದೆ. ಮೋಡದ ನೆರಳು ಹೊಲದಿಂದ ಹೊಲಕ್ಕೆ ಮೆಲ್ಲಗೆ ದಾಟುತ್ತದೆ. ಹಗಲೆಲ್ಲ ಮೇಲಿನಿಂದ ಚಾವಣಿ ನೋಡಿ ಬೇಸತ್ತವಳು ಸಂಜೆ ಮತ್ತೆ ಮೇಲೇ ಹೋಗುತ್ತಾಳಲ್ಲ ಎಂದು ನಾನು ರೇಗಿಸಿದರೆ, "ಇಲ್ಲಿ ಗೆರೆ ಎಳೆಯೋ ಹಾಗಿಲ್ಲ ಮಾವ" ಎನ್ನುತ್ತಾಳೆ.

ಹೀಗಿರುವಾಗ ಅಕ್ಕ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಮೂಳೆ ಕೂಡಿತು. ಅಕ್ಕ ಮಾತ್ರ ಏಳಲಿಲ್ಲ. ಅಮ್ಮನಿಗೆ ಬೇಜಾರಾಗಬಾರದೆಂದು ಮುಕ್ಕಣ್ಣಿ ಗೋಡೆಗೆ ತೂತು ಕೊರೆದು, ಪಕ್ಕದ ಕೋಣೆಯ ಟಿವಿಗೆ ಕೇಬಲ್ ಎಳೆದಳು. ಹಳದಿ ಚುಕ್ಕೆ ಒತ್ತಿದರೆ ಅದೇ ಆಕಾಶ ಅಕ್ಕನ ಟಿವಿಯಲ್ಲೂ ಮೂಡುತ್ತಿತ್ತು. ಮತ್ತೆ ಒತ್ತಿದರೆ ಅಲ್ಲಿ ಆರುತ್ತಿತ್ತು.

ಅಂದಿನಿಂದ ಅಕ್ಕ ದಿನವೂ ಹಾರತೊಡಗಿದಳು. ಗೋಡೆಯಾಚೆಯಿಂದಲೇ ಅಪ್ಪಣೆ: "ಎಡಕ್ಕೆ ತಿರುಗಿಸೇ, ಅಲ್ಲೊಂದು ಕೆರೆ ಕಾಣ್ತಿದೆ! ಅಯ್ಯೋ, ಮೆಲ್ಲಗೆ ಕಣೇ, ಹೊಟ್ಟೆ ತೊಳಸುತ್ತೆ!"

ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ ವಾಕರ್ ಹಿಡಿದು ಮಂಚದ ಬಳಿ ನಿಂತು ನಿಂತು ಸೋತಳು. "ಹೀಗೇ ಮಲಗಿದ್ರೆ ಕಾಲು ನಡೆಯೋದನ್ನೇ ಮರೆತುಬಿಡುತ್ತಮ್ಮಾ. ಆಮೇಲೆ ನನ್ನ ಕೈಲೂ ಏನೂ ಆಗಲ್ಲ."

"ಮರೀಲಿ ಬಿಡು. ಪ್ರಪಂಚವೇ ಮಂಚದ ಹತ್ರ ಬರ್ತಿರುವಾಗ ನಾನ್ಯಾಕೆ ಎದ್ದು ಹೋಗ್ಲಿ?"

ಹೊರಡುವಾಗ ಆ ಹುಡುಗಿ ಬಾಗಿಲಲ್ಲಿ ದನಿ ತಗ್ಗಿಸಿ ಮುಕ್ಕಣ್ಣಿಗೆ ಹೇಳಿದಳು: "ತಪ್ಪು ತಿಳೀಬೇಡಿ. ಅವರನ್ನ ಮಲಗಿಸಿರೋದು ನಿಮ್ಮ ಟಿವಿ."

ಆ ಸಂಜೆ ಮುಕ್ಕಣ್ಣಿ ಹಳದಿ ಚುಕ್ಕೆಯ ಮೇಲೆ ಬೆರಳಿಟ್ಟು ಎಷ್ಟೋ ಹೊತ್ತು ಕೂತಳು. ಒಳಗಿನಿಂದ "ಆಕಾಶ ಇನ್ನೂ ಬಂದಿಲ್ವೇನೇ?" ಎಂದು ಮಗುವಿನಂಥ ದನಿ ಬಂತು. ಒತ್ತಿಯೇಬಿಟ್ಟಳು.

ಅವರಿಬ್ಬರ ದಾರಿಗೆ ಅಡ್ಡವಾಗಿ ಒಂದು ಹಿಮದ ಬೆಟ್ಟವಿತ್ತು. ಪ್ರತಿ ಸಲವೂ ಅದರ ಹತ್ತಿರ ಹೋಗುವಷ್ಟರಲ್ಲಿ ಗಾಳಿ ಸಾಯುತ್ತಿತ್ತು, ವಿಮಾನ ಒಣಗಿದೆಲೆಯ ಹಾಗೆ ಕೆಳಗಿಳಿಯುತ್ತಿತ್ತು. "ಆ ಕಡೆ ಏನಿದೆಯೋ ನೋಡದೆ ನಾನು ಸಾಯಲ್ಲ" ಎಂದು ಅಕ್ಕ ಪಟ್ಟು ಹಿಡಿದಿದ್ದಳು.

ನಾನು ಅವಳ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿ ಬೈಸಿಕೊಂಡ ಕೆಲವು ದಿನಕ್ಕೆ ಮುಕ್ಕಣ್ಣಿ ನನ್ನನ್ನು ಕರೆದಳು. "ಮಾವ, ಇವತ್ತು ನನ್ನ ಪಕ್ಕ ಕೂತ್ಕೊಳ್ಳಿ. ಗಾಳಿ ಚೆನ್ನಾಗಿದೆ, ಬೆಟ್ಟ ದಾಟಬಹುದು. ಆದ್ರೆ ದಮ್ಮಯ್ಯ, ಆ ಹಳದಿ ಚುಕ್ಕೆ ಮಾತ್ರ ಮುಟ್ಟಬೇಡಿ."

ಕೂತೆ. ವಿಮಾನ ಏರುತ್ತ ಹೋಯಿತು. ಹಿಮ ಎಷ್ಟು ಹತ್ತಿರ ಬಂತೆಂದರೆ ನನ್ನ ಚಹಾ ಆರಿಹೋಯಿತು, ಮೀಸೆ ಬಿಳಿಯಾಯಿತು. ಈಗಲೂ ಹಾಗೇ ಇದೆ, ನೋಡಿ. ಅವಳ ಎರಡೂ ಕೈ ವಿಮಾನ ತಿರುಗಿಸುವ ಜಾಯ್‌ಸ್ಟಿಕ್ಕಿನ ಮೇಲೆ. ಹಳದಿ ಚುಕ್ಕೆ ನನ್ನನ್ನೇ ನೋಡುತ್ತಿತ್ತು. ಅಂಥ ಪುಟ್ಟ ಚುಕ್ಕೆಯಿಂದ ಆಗುವುದಾದರೂ ಏನು ಎಂದು ಬೆರಳ ತುದಿಯಿಂದ ಸವರಿದೆ.

ಗೋಡೆಯಾಚೆ ಕೂಗು ಎದ್ದಿತು. "ಏ, ಕತ್ತಲಾಯ್ತು! ಏನಾಯ್ತೇ?"

"ಮಾವ ಹಳದಿ ಚುಕ್ಕೆ ಮುಟ್ಟಿದ್ರಮ್ಮ!"

"ಅವನ ಕೈ ಮುರಿಯಾ! ಲೋ, ಹುಟ್ಟಿದಾಗಿಂದ ನಿಂಗೆ ಸುಮ್ನಿರೋಕೆ ಬರಲ್ವೇನೋ! ಮತ್ತೆ ಹಾಕೇ!"

ನಾನು ಅವಸರದಲ್ಲಿ ಮತ್ತೆ ಮತ್ತೆ ಒತ್ತಿದೆ, ಗೋಡೆಯಾಚೆಯ ಕೂಗು ನಿಲ್ಲಲಿಲ್ಲ.

"ನಾನು ಕೈ ಬಿಟ್ರೆ ಬಿದ್ದೋಗ್ತೀವಮ್ಮ. ತುದಿ ಮೇಲಿದ್ದೀವಿ."

"ದಾಟಿದ್ವಾ? ಏನು ಕಾಣ್ತಿದೆ, ಹೇಳೇ!"

ಮುಕ್ಕಣ್ಣಿ ಬಾಯಿ ತೆರೆದಳು, ಮುಚ್ಚಿದಳು. "ಹೇಳೋಕೆ ಬರಲ್ಲಮ್ಮ. ನೋಡ್ಬೇಕು."

ಮಂಚ ಕಿರುಗುಟ್ಟಿತು. ಬೈಗುಳದ ಜೊತೆ ವಾಕರಿನ ಟಕ್ ಕೇಳಿಸಿತು. ಒಂದು ಟಕ್, ಒಂದು ಬೈಗುಳ. ಮತ್ತೊಂದು ಟಕ್, ನನ್ನ ಮೇಲೆ ಇನ್ನೊಂದು. ಮುಕ್ಕಣ್ಣಿ ಹಿಂದೆ ತಿರುಗಲಿಲ್ಲ. ಬೆಟ್ಟದ ನೆತ್ತಿಯ ಮೇಲೆ ಅದೇ ಗಾಳಿಯಲ್ಲಿ ಸುತ್ತು ಹಾಕುತ್ತ ವಿಮಾನವನ್ನು ತಡೆದು ನಿಲ್ಲಿಸಿದ್ದಳು.

ಬಾಗಿಲಲ್ಲಿ ಅಕ್ಕ ಕಾಣಿಸಿಕೊಂಡಳು, ಕೆದರಿದ ಕೂದಲು, ಬೆವರಿದ ಮುಖ. ಆಗ ಮುಕ್ಕಣ್ಣಿ ವಿಮಾನದ ಮೂತಿಯನ್ನು ಆ ಕಡೆಗೆ ತಿರುಗಿಸಿದಳು.

ಸಮುದ್ರ. ಮೂರೂ ಪರದೆ ತುಂಬಿ, ಗೋಡೆಯನ್ನೂ ತೊಯ್ಯಿಸಿಬಿಡುವಂಥ ಸಮುದ್ರ. ಅದರ ಬೆಳಕು ಅಕ್ಕನ ಮುಖದ ಮೇಲೆ ಅಲೆಯಾಡಿತು. ಅವಳು ವಾಕರ್ ಹಿಡಿದು ನಿಂತೇ ಇದ್ದಳು. "ಅಯ್ಯೋ, ಟಿವಿಯಲ್ಲಿ ಇಷ್ಟು ಅಗಲ ಇರ್ಲಿಲ್ವಲ್ಲೇ" ಎಂದಳು.

ಈಗ ಅಕ್ಕ ದಿನವೂ ಸಂಜೆ ನಡೆದೇ ಬಂದು ಆ ಕೋಣೆಯಲ್ಲಿ ಕೂರುತ್ತಾಳೆ. ನಾನು ಬೆರಳಿನ ಕಥೆಯನ್ನು ಬೀದಿಗೆಲ್ಲ ಹಂಚಿದೆ. ಮೊನ್ನೆ ಮುಕ್ಕಣ್ಣಿಯ ಮುಂದೆಯೂ ಬೆರಳೆತ್ತಿ ತೋರಿಸಿದಾಗ, ಅವಳು ಚಾವಣಿಯೊಂದಕ್ಕೆ ಗೆರೆ ಎಳೆಯುತ್ತಲೇ ಹೇಳಿದಳು:

"ಮಾವ, ಹಳದಿ ಚುಕ್ಕೆಯ ಕೀ ನೀವು ಚಹಾ ಚೆಲ್ಲಿದ ದಿನವೇ ಸತ್ತಿದೆ. ಅವತ್ತಿಂದ ಅದರ ಕೆಲಸ ಜಾಯ್‌ಸ್ಟಿಕ್ಕಿನ ಒಂದು ಗುಂಡಿಗೆ ಕೊಟ್ಟಿದ್ದೀನಿ. ಟಿವಿ ಆರಿಸಿದ್ದು ಅದರ ಮೇಲಿದ್ದ ನನ್ನ ಹೆಬ್ಬೆರಳು. ಅಮ್ಮನ ಬೈಗುಳ ತಿನ್ನೋಕೆ ಒಬ್ಬರು ಬೇಕಿತ್ತು. ಮುಟ್ಟಬೇಡಿ ಅಂದ್ರೆ ಮುಟ್ಟೇ ಮುಟ್ಟೋರು ಮನೇಲಿ ನೀವೊಬ್ರೇ ಅಲ್ವಾ?"