ಉದ್ಯೋಗ: ಛತ್ರಿ

ಜೂನ್ ಹನ್ನೆರಡು, ಗುರುವಾರ. ಬೆಳಿಗ್ಗೆ ಆರೂ ನಲವತ್ತಕ್ಕೆ ಬರೆಯಲು ಕೂತಿದ್ದೇನೆ.

ಮೇಜಿನ ಮೇಲೆ ನೀಲಿ ಬಣ್ಣದ ತಗಡಿನ ಪೆಟ್ಟಿಗೆಯೊಂದಿದೆ. ಒಳಗೆ ಒಂದು ಇಕ್ಕಳ, ಸಣ್ಣ ಸುತ್ತಿಗೆ, ದಬ್ಬಣ, ಕಪ್ಪು ದಾರದ ಉಂಡೆ, ಹನ್ನೆರಡು ಕೊಡೆ ಕಡ್ಡಿ. ಎರಡು ಸಲ ಎಣಿಸಿದ್ದೇನೆ. ಹೊಸ ಕಬ್ಬಿಣಕ್ಕೆ ಬಳಿದ ಎಣ್ಣೆಯ ವಾಸನೆ ಕೋಣೆಯಿಡೀ ತುಂಬಿದೆ. ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ದಾರೆ: ‘ನಂಜೇಗೌಡ, ಕೊಡೆ ರಿಪೇರಿ ಕುಶಲಕರ್ಮಿ.’ ನಿನ್ನೆ ಸಂಜೆ ಪಕ್ಕದ ಮನೆಯ ಸಾಕಮ್ಮ ಅತ್ತೆ ಇದನ್ನು ತಂದು ನನ್ನ ಮುಂದೆ ಕುಕ್ಕಿದರು. ಮೂರು ತಿಂಗಳ ಹಿಂದೆ ತೀರಿಕೊಂಡ ಅವರ ಮಾವನ ಹೆಸರಿಗೆ, ಕುಶಲಕರ್ಮಿಗಳಿಗೆ ಸರ್ಕಾರ ಹಂಚುವ ಉಚಿತ ಸಲಕರಣೆಯೆಂದು ಬಂದದ್ದು.

“ತಗವ್ವ, ನಿನ್ ತಾತಂಗೆ ಸರ್ಕಾರದೋರು ಇನ್ನೊಂದು ಪದಕ ಕಳ್ಸವ್ರೆ,” ಅಂದರು.

ನೀವು ನಗುತ್ತಿರಬಹುದು. ನಾನೂ ಒಂದು ಕ್ಷಣ ನಕ್ಕೆ. ಆಮೇಲೆ ಸಿಟ್ಟು ಬಂತು. ರಾತ್ರಿ ಕಳೆದರೂ ಇಳಿದಿಲ್ಲ. ನಂಜೇಗೌಡರು ಜೀವಮಾನದಲ್ಲಿ ಒಂದು ಕೊಡೆಯನ್ನೂ ರಿಪೇರಿ ಮಾಡಿದವರಲ್ಲ. ಕೊಡೆ ಹಿಡಿದವರೂ ಅಲ್ಲ. ಅಂತರಸಂತೆಯ ಸಂತೆಗೆ ಜಡಿಮಳೆಯಲ್ಲೂ ತಲೆಗೆ ಟವಲ್ಲು ಹಾಕಿಕೊಂಡೇ ಹೋಗುತ್ತಿದ್ದರು. ಅವರು ಎಪ್ಪತ್ತೊಂದರ ಯುದ್ಧದಲ್ಲಿ ವಿಮಾನದಿಂದ ಹಾರಿದವರು, ಪದಕ ಪಡೆದವರು.

ಪ್ಯಾರಾಚೂಟಿಗೆ ಅವರ ಪಲ್ಟನ್ನಿನಲ್ಲಿ ಛತ್ರಿ ಎನ್ನುತ್ತಿದ್ದರಂತೆ. ಯುದ್ಧ ಮುಗಿಸಿ ರಜೆಗೆ ಬಂದವರು ಟೀ ಅಂಗಡಿಯ ಮುಂದೆ ನಿಂತು, “ನಾನೀಗ ಛತ್ರಿ ಕಣ್ರಲಾ!” ಎಂದು ಎದೆಯುಬ್ಬಿಸಿದರಂತೆ. ನಮ್ಮ ಕಡೆ ಛತ್ರಿ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ: ಟೋಪಿ ಹಾಕುವವನು, ಮಹಾ ಕಿಲಾಡಿ.

“ಅದು ನೀ ಉಟ್ದಾಗ್ಲಿಂದ್ಲೂ ಗೊತ್ತು ಬುಡ್ಲಾ ನಂಜ!” ಎಂದು ಯಾರೋ ಕೂಗಿದರು. ಅಂಗಡಿಗೆ ಅಂಗಡಿಯೇ ಬಿದ್ದು ಬಿದ್ದು ನಕ್ಕಿತು. ಅಂದಿನಿಂದ ಅವರು ಛತ್ರಿ ನಂಜಣ್ಣ, ನಮ್ಮ ಕಾಲಕ್ಕೆ ಛತ್ರಿ ತಾತ. ಅವರಿಗೆ ಆ ಹೆಸರಿನ ಮೇಲೆ ಬೇಸರವಿರಲಿಲ್ಲ. ಕರೆದವರ ಅರ್ಥ ಒಂದು, ಓಗೊಟ್ಟವರ ಅರ್ಥ ಇನ್ನೊಂದು.

ಹಾರಿದ ಕಥೆ ನನ್ನ ಡೈರಿಗಳಲ್ಲಿ ಹದಿನೇಳು ಸಲ ದಾಖಲಾಗಿದೆ. ಸಲದಿಂದ ಸಲಕ್ಕೆ ಗಾಳಿ ಜೋರಾಗಿದೆ, ಕೆರೆ ಆಳವಾಗಿದೆ. ಒಂದು ಭಾಗ ಮಾತ್ರ ಒಂದಕ್ಷರವೂ ಬದಲಾಗಿಲ್ಲ.

“ಕೆಂಪು ಲೈಟು ಓಗಿ ಅಸ್ರು ಬತ್ತು. ಆರ್ದೆ. ಕೆಳಕ್ ಬಂದು ನೋಡ್ತೀನಿ, ನನ್ನಿಂದೆ ಆರ್ದೋನು ಕೆರೇಲವ್ನೆ. ಅಗ್ಗ ಸುತ್ಕೊಂಡು ಮುಳುಗ್ತಾವ್ನೆ. ಆ ಕಡೆಯಿಂದ ಗುಂಡು ಬತ್ತಾ ಅವೆ. ಬುಟ್ಟು ಬರಕಾದದಾ? ಪಿರಿಯಾಪಟ್ನದ ಕಡೆಯೋನು ಕಣವ್ವ, ನಮ್ಮೋನು.”

ಹಗ್ಗ ಕೊಯ್ದು, ಅವನನ್ನು ದಡಕ್ಕೆ ಎಳೆದು ತಂದರು. ಪದಕ ಬಂದದ್ದು ಅದಕ್ಕೆ. ಆತನ ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರಂತೆ. ಪಲ್ಟನ್ನಿನಲ್ಲಿ ಅವನನ್ನು ತಂಬಾಕು ಎಂದೇ ಕರೆಯುತ್ತಿದ್ದರಂತೆ. ನಿಜವಾದ ಹೆಸರೇನೆಂದು ಹದಿನೇಳರಲ್ಲಿ ಒಂದು ಸಲವೂ ನಾನು ಕೇಳಲಿಲ್ಲ.

ಈಗ ನನ್ನ ಮೇಲಿನ ಸಿಟ್ಟಿಗೆ ಬರುತ್ತೇನೆ. ಆರು ವರ್ಷದ ಹಿಂದೆ ಕಾಲೇಜಿನ ಶಿಬಿರದಲ್ಲಿ ತಾಲ್ಲೂಕು ಕಚೇರಿಗಾಗಿ ನಮ್ಮೂರಿನ ಮನೆಮನೆ ಸಮೀಕ್ಷೆ ಮಾಡಿದೆವು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆಂಬುದು ನನ್ನ ದೊಡ್ಡ ಹೆಮ್ಮೆ. “ಉದ್ಯೋಗ ಏನು ತಾತ?” ಎಂದೆ. “ಬರ್ಕೊ, ಛತ್ರಿ,” ಎಂದು ಮೀಸೆಯಲ್ಲೇ ನಕ್ಕರು. ಬರೆದುಕೊಂಡೆ. ನಮ್ಮೂರಿಗೆ ಅಷ್ಟು ಸಾಕಿತ್ತು. ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಏರಿಸಿದವರಿಗೆ ಸಾಲಲಿಲ್ಲ. ಅಚ್ಚುಕಟ್ಟಾಗಿ ‘ಕೊಡೆ ರಿಪೇರಿ’ ಎಂದು ತಿದ್ದಿದರು.

ಹೋದ ವರ್ಷ ಅದೇ ಕಚೇರಿಯವರು, ಯುದ್ಧದಲ್ಲಿ ಹೋರಾಡಿದ ತಾಲ್ಲೂಕಿನವರ ಹೆಸರು ಕೆತ್ತಿಸಿ ಕಲ್ಲು ನಿಲ್ಲಿಸಿದರು. ಒಂಬತ್ತು ಹೆಸರು. ತಾತನದಿಲ್ಲ. ಅವರನ್ನು ಬಸ್ಸು ಹತ್ತಿಸಿಕೊಂಡು ಏಳು ಸಲ ಕಚೇರಿಗೆ ಹೋದೆ. ಪದಕ, ಪಿಂಚಣಿ ಪುಸ್ತಕ ಎರಡನ್ನೂ ಮೇಜಿನ ಮೇಲಿಟ್ಟೆ. ಎರಡರಲ್ಲೂ ಸೇನೆಯವರು ಹೆಸರನ್ನು ‘ನಂಜಾ ಗೌಡಾ’ ಮಾಡಿದ್ದಾರೆ.

“ಇದು ಬೇರೆ ಯಾರ್ದೋ ಕಣಮ್ಮ,” ಎಂದರು ಗುಮಾಸ್ತರು. “ನಮ್ಮ ಪಟ್ಟೀಲಿ ಇವ್ರು ಕೊಡೆ ರಿಪೇರಿ.”

“ಕೊಡೆ ರಿಪೇರಿಗೆ ಎಲ್ಲಾದ್ರೂ ಪದಕ ಕೊಡ್ತಾರಾ ಸಾರ್?”

“ಅದನ್ನ ಕೊಟ್ಟೋರನ್ನ ಕೇಳು. ಜೊತೇಲಿ ಯುದ್ಧಕ್ಕೆ ಹೋಗಿದ್ದೋರು ಯಾರಾದ್ರೂ ಬರೆದುಕೊಡ್ಲಿ, ನೋಡೋಣ.”

ತಾತ ಪದಕವನ್ನು ಜೇಬಿಗೆ ಹಾಕಿಕೊಂಡು ಎದ್ದರು. ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತ ಮೇಲೆ, “ಕಲ್ಲಲ್ಲಿ ಎಸ್ರು ಇಲ್ದಿದ್ರೆ ಓಗ್ಲಿ ಬುಡು,” ಎಂದರು. “ಛತ್ರಿ ಅನ್ನಿಸ್ಕೊಂಡು ಸಾಯ್ತೀನಿ, ಬೇಜಾರಿಲ್ಲ. ಕೊಡೆ ರಿಪೇರಿಯೋನು ಅಂತ ಮಾತ್ರ ಸಾಯಿಸ್ಬ್ಯಾಡ ಕಣವ್ವ.”

ಆ ಕಲಂ ತುಂಬಿದವಳು ನಾನೇ ಎಂದು ಹೇಳಲು ಬಸ್ಸು ಊರು ಮುಟ್ಟುವವರೆಗೂ ಬಾಯಿ ಬರಲಿಲ್ಲ. ಆಮೇಲೂ ಹೇಳಲಿಲ್ಲ. ಮಾರ್ಚಿನಲ್ಲಿ ಅವರು ಹೋದರು.

ಈಗ ಎಂಟೂ ಹತ್ತು. ಪೆಟ್ಟಿಗೆಯ ಚೀಟಿಯನ್ನು ಕೆರೆದು ತೆಗೆದಿದ್ದೇನೆ. ಒಂಬತ್ತರ ಬಸ್ಸಿಗೆ ಇದನ್ನು ಹೊತ್ತುಕೊಂಡು ಹೋಗಿ ಅದೇ ಮೇಜಿನ ಮೇಲೆ ಕುಕ್ಕುತ್ತೇನೆ. ತಪ್ಪು ಬರೆದವಳು ನಾನು ಎಂದು ಸಹಿ ಹಾಕಿಯೂ ಕೊಡುತ್ತೇನೆ. ಇದು ಎಂಟನೆಯ ಸಲ. ತಾತ ಜೊತೆಗಿಲ್ಲದ ಮೊದಲನೆಯದು.

ನನ್ನ ಸಹಿಯೊಂದೇ ಅವರಿಗೆ ಸಾಲುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಪಿರಿಯಾಪಟ್ಟಣದ ಕಡೆ, ಹುಣಸೂರಿನ ಕಡೆ, ತಂಬಾಕು ಎಂದು ಕರೆಸಿಕೊಂಡ ಹಳೆಯ ಸೈನಿಕರು ನಿಮ್ಮ ಮನೆಯಲ್ಲಿದ್ದರೆ, ಇಲ್ಲವೇ ಇದ್ದು ಹೋಗಿದ್ದರೆ, ನಮ್ಮ ಕೋಟೆ ತಾಲ್ಲೂಕಿನ ಕಡೆಯವನೊಬ್ಬ ತಮ್ಮನ್ನು ಕೆರೆಯಿಂದ ಎಳೆದು ಹಾಕಿದ ಕಥೆ ಹೇಳಿದ್ದರೆ, ಈ ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಅವರು ಇನ್ನೂ ಇದ್ದರೆ, ಮೊದಲು ಅವರ ಪೂರ್ತಿ ಹೆಸರು ಕೇಳಿಕೊಳ್ಳಿ. ನಾನು ಕೇಳಲಿಲ್ಲ.